ಸಜ್ಜಾ ಮೇಲಿನ ಹಾವು

ನಮ್ಮವ್ವನ ಲೆಕ್ಕದಲ್ಲಿ ಕ್ಯಾನಿನೊಳಗಿನ ಕೋಲಾವೂ ಉಪ್ಪಿನಕಾಯಿಯೂ ಒಂದೇ, ಇಟ್ಟಷ್ಟು ದಿನ ಇರುತ್ತವೆ. ಗೃಹಪ್ರವೇಶಕ್ಕೆ ಹೈದರಾಬಾದಿನ ಕಾಕಾ ತಂದಿದ್ದ ಎರಡು ಬಾಕ್ಸುಗಳಲ್ಲಿ ಒಂದು ಹಾಗೇ ಉಳಿದಿತ್ತು. 24 ಕ್ಯಾನು! ನಾವು ಕೈ ಹಾಕಿದರೆ ಸಾಕು, ‘ಮಂದಿ ಬಂದ್ರ ಬೇಕಾಗ್ತದ, ಇಡು’ ಎನ್ನುತ್ತಿದ್ದಳು. ಮಂದಿ ಬಂದರು, ಚಹಾ ಕುಡಿದು ಹೋದರು. ಬಾಕ್ಸು ಅಡುಗೆಮನೆಯ ಸಜ್ಜಾ ಮೇಲೆ ಎರಡು ಬೇಸಿಗೆ ಕಳೆಯಿತು. ಅದೂ ಕಲಬುರಗಿಯ ಬೇಸಿಗೆ. ಹೊರಗೆ 42 ಡಿಗ್ರಿ ಇದ್ದರೆ ಆರ್‌ಸಿಸಿ ಛತ್ತಿನ ಕೆಳಗಿನ ಸಜ್ಜಾದ ಪಾಡು ಕೇಳಲೇಬೇಡಿ.

ಅಕ್ಕನ ನಿಶ್ಚಿತಾರ್ಥಕ್ಕೆ ನಾಲ್ಕು ದಿನ ಇತ್ತು. ರಾತ್ರಿ ಹನ್ನೊಂದರ ಸುಮಾರಿಗೆ ಸಜ್ಜಾದಿಂದ ‘ಸುಸ್ಸ್...’ ಎಂಬ ಸದ್ದು. ‘ಹಾವ್ ಅದ’ ಎಂದು ಅಜ್ಜಿ ತೀರ್ಪು ಕೊಟ್ಟೇಬಿಟ್ಟಳು. ಪಕ್ಕದ ಮನೆಯವರು ಬಡಿಗೆ ಹಿಡಿದು ಬಂದರು, ಟಾರ್ಚ್ ಬಿಟ್ಟರು, ಏಣಿ ಹತ್ತಲು ಮಾತ್ರ ಯಾರೂ ಒಪ್ಪಲಿಲ್ಲ. ಅಡುಗೆಮನೆಗೆ ಚಿಲಕ ಹಾಕಿ, ಬಾಗಿಲ ಸಂದಿಗೆ ಗೋಣಿಚೀಲ ತುರುಕಿ, ಎಲ್ಲರೂ ಮಾಳಿಗೆ ಮೇಲೆ ಮಲಗಿದೆವು.

ಬೆಳಿಗ್ಗೆ ನೋಡಿದರೆ ಹಾವಿಲ್ಲ, ಇರುವೆ! ಗೋಡೆಯುದ್ದಕ್ಕೂ ಕರಿ ಸಾಲು. ಬಾಕ್ಸಿನ ತಳ ಒದ್ದೆಯಾಗಿ ಹರಿದಿತ್ತು. ಒಂಬತ್ತು ಕ್ಯಾನು ಖಾಲಿ, ಬಾಯಿ ಮಾತ್ರ ಯಾವುದೂ ತೆರೆದಿಲ್ಲ. ಕೆಳಗೆ ಅಜ್ಜಿಯ ಟ್ರಂಕು. ಅದರ ಮುಚ್ಚಳ ಎಂದೂ ಸರಿಯಾಗಿ ಕೂತದ್ದಿಲ್ಲ. ಒಳಗೆ ಅಜ್ಜಿಯ ಮದುವೆಯ ಇಳಕಲ್ ಸೀರೆ, ಅಕ್ಕ ಉಡಬೇಕಿದ್ದದ್ದು. ಸೆರಗಿನ ಬಿಳಿ ತೆನೆಗಳ ಮೇಲೆ ಕಂದು ಅಂಟು. ಅಕ್ಕ ಅಲ್ಲೇ ಕೂತು ಅತ್ತಳು.

ಬಿಎಸ್ಸಿ ಓದುವ ನನಗೆ ಮನೆಯವರೆಲ್ಲ ಕಾರಣ ಕೇಳಿದರು, ಪರೀಕ್ಷೆಯಲ್ಲೂ ಯಾರೂ ಹಾಗೆ ಕೇಳಿರಲಿಲ್ಲ. ಕ್ಯಾನಿನ ಗೋಡೆ ಸುಮಾರು 0.1 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ. ಕೋಲಾದಲ್ಲಿ ಫಾಸ್ಫಾರಿಕ್ ಆಮ್ಲ ಇರುವುದರಿಂದ ಒಳಗೆ ತೆಳು ಲೇಪನ ಕೊಟ್ಟಿರುತ್ತಾರೆ. ಲೇಪನ ಎಲ್ಲಾದರೂ ಗೀಚಿದ್ದರೆ ಆಮ್ಲ ಅಲ್ಲಿ ನಿಧಾನವಾಗಿ ಲೋಹ ತಿನ್ನುತ್ತದೆ. ಸೆಕೆಗೆ ಒಳಗಿನ ಗ್ಯಾಸಿನ ಒತ್ತಡವೂ ಏರುತ್ತದೆ. ಕಡೆಗೆ ಸೂಜಿಮೊನೆಯಷ್ಟು ತೂತು, ಅದೇ ಅಜ್ಜಿಯ ಹಾವು. ಸೋರಿದ್ದು ಅಲ್ಲೇ ನಿಂತು ಪಕ್ಕದ ಕ್ಯಾನುಗಳನ್ನು ಹೊರಗಿನಿಂದ ತಿನ್ನತೊಡಗುತ್ತದೆ. ಅಂದರೆ ಕೆಲವು ಎಷ್ಟೋ ದಿನದಿಂದ ಸದ್ದಿಲ್ಲದೆ ಸೋರುತ್ತಿದ್ದಿರಬೇಕು. ತಳದಲ್ಲಿ ಅಚ್ಚಾದ ತಾರೀಖು ದಾಟಿ ವರ್ಷವಾಗಿತ್ತು.

ಉಳಿದವನ್ನು ಫ್ರೀಜರಿಗೆ ಹಾಕೋಣ ಎಂದ ತಮ್ಮ. ನೀರು ಮಂಜುಗಡ್ಡೆಯಾದರೆ ಗಾತ್ರ ಶೇ 9ರಷ್ಟು ಹಿಗ್ಗುತ್ತದೆ, ಆಮೇಲೆ ಫ್ರಿಜ್ಜೂ ಹೋಗುತ್ತದೆ ಎಂದು ತಡೆದೆ.

ಅಜ್ಜಿ ಯಾರನ್ನೂ ಬಯ್ಯಲಿಲ್ಲ. ತಣ್ಣೀರಿನಲ್ಲಿ ಅದ್ದಿ, ಅಂಟುವಾಳದ ನೊರೆ ಹಚ್ಚಿ, ಎರಡು ದಿನ ನೆರಳಲ್ಲಿ ಒಣಗಿಸಿದಳು. ಅಂಟು ಬಿಟ್ಟಿತು, ಒಂದು ತೆನೆಯ ಕಲೆ ಬಿಡಲಿಲ್ಲ. ಅದು ಮಡಿಕೆಯೊಳಗೆ ಹೋಗುವಂತೆ ಸೆರಗು ಹೊದಿಸಿದ್ದೂ ಅಜ್ಜಿಯೇ. ಬೀಗರು ಸೀರೆ ಮುಟ್ಟಿ ನೋಡಿ ‘ಹಳೇ ಇಳಕಲ್ಲಾ?’ ಎಂದು ಮೆಚ್ಚಿಕೊಂಡರು.

ಉಳಿದ ಹದಿನೈದು ಕ್ಯಾನುಗಳನ್ನು ಬಚ್ಚಲಿನಲ್ಲಿ ಒಂದೊಂದಾಗಿ ಒಡೆದು ಸುರಿದೆ. ಅವ್ವ ಬಾಗಿಲಲ್ಲೇ ನಿಂತಿದ್ದಳು. ಕೊನೆಯದು ಕೈಗೆತ್ತಿಕೊಂಡಾಗ ಹೇಳಿದಳು, ‘ಅದೊಂದು ಚೊಲೋ ಕಾಣ್ತದ ನೋಡು, ಇರ್ಲಿ.’