ಲೋಳೆಪೊರೆಗೆ ಅಂಟುವ ಔಷಧದ ಗುಳ್ಳೆಗಳು

ಕಣ್ಣಿಗೆ ಬಿಟ್ಟ ಔಷಧದ ಹನಿಯಲ್ಲಿ ಎಷ್ಟು ಪಾಲು ಕಣ್ಣಿನೊಳಕ್ಕೆ ಇಳಿಯುತ್ತದೆ? ಸಾಮಾನ್ಯವಾಗಿ ನೂರರಲ್ಲಿ 5 ಪಾಲಿಗಿಂತಲೂ ಕಡಮೆ. ಉಳಿದುದರಲ್ಲಿ ಬಹುಭಾಗ ಕೆಲವೇ ನಿಮಿಷಗಳಲ್ಲಿ ಕಣ್ಣೀರಿನೊಡನೆ ಮೂಗಿನ ದಾರಿ ಹಿಡಿಯುತ್ತದೆ. ಔಷಧದ ಕಹಿ ಗಂಟಲಿಗೆ ತಾಕುವುದು ಇದರಿಂದಲೇ. ಕಣ್ಣು, ಮೂಗು, ಕರುಳುಗಳ ಲೋಳೆಪೊರೆಯು ಹೊರಗಿನಿಂದ ಬಂದುದನ್ನು ಹೊರಕ್ಕೇ ದೂಡುವ ಕಾವಲುಗಾರ. ಅದಕ್ಕೆ ಧೂಳೆಂದೂ ಔಷಧವೆಂದೂ ಭೇದವಿಲ್ಲ.

ಈ ಕಾವಲನ್ನು ಗೆಲ್ಲಲು ಹೂಡಿರುವ ಉಪಾಯಗಳಲ್ಲಿ ಲೈಪೋಸೋಮ್ ಒಂದು. 1960ರ ದಶಕದಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ಬಳಿಯ ಬಾಬ್ರಹಾಮ್‌ನಲ್ಲಿ ಅಲೆಕ್ ಬ್ಯಾಂಗಮ್ ಮತ್ತು ಸಂಗಡಿಗರು ಇದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡರು. ಮೊಟ್ಟೆಯ ಹಳದಿಯಲ್ಲಿರುವ ಲೆಸಿಥಿನ್ ಎಂಬ ಅಣುವಿಗೆ ನೀರನ್ನು ಬಯಸುವ ತಲೆ, ನೀರಿಗೆ ಹೆದರುವ ಎರಡು ಬಾಲ. ನೀರಿನಲ್ಲಿ ಕದಡಿದಾಗ ಈ ಅಣುಗಳು ಬಾಲಗಳನ್ನು ಒಳಗೆ ಮರೆಸಿಕೊಂಡು ಎರಡು ಪದರದ ಗೋಡೆಯಾಗಿ, ತಾವಾಗಿಯೇ ಮುಚ್ಚಿಕೊಂಡು ಗುಳ್ಳೆಗಳಾಗುತ್ತವೆ. ನೀರಿನಲ್ಲಿ ಕರಗುವ ಮದ್ದು ಗುಳ್ಳೆಯ ಹೊಟ್ಟೆಯಲ್ಲಿ ನೆಲಸುತ್ತದೆ; ಕೊಬ್ಬಿನಲ್ಲಿ ಕರಗುವುದು ಗೋಡೆಯಲ್ಲಿ.

ಆದರೆ ಆ ಗುಳ್ಳೆಯೇ ಕೊಚ್ಚಿಹೋದರೆ ಫಲವೇನು? ಲೋಳೆಯ ಮುಖ್ಯ ದ್ರವ್ಯವಾದ ಮ್ಯೂಸಿನ್, ತನ್ನ ಸಕ್ಕರೆಯ ಸರಪಳಿಗಳ ತುದಿಯ ಸಯಾಲಿಕ್ ಆಮ್ಲದಿಂದಾಗಿ ಋಣವಿದ್ಯುತ್ತನ್ನು ಹೊತ್ತಿರುತ್ತದೆ. ಸಿಗಡಿ, ಏಡಿಗಳ ಚಿಪ್ಪಿನಿಂದ ಪಡೆಯುವ ಕೈಟೊಸಾನ್ ಧನವಿದ್ಯುತ್ತಿನದು. ಗುಳ್ಳೆಗೆ ಇದನ್ನು ಲೇಪಿಸಿದರೆ ವಿರುದ್ಧ ವಿದ್ಯುತ್ತುಗಳ ಆಕರ್ಷಣೆಯಿಂದ ಗುಳ್ಳೆ ಲೋಳೆಗೆ ಅಂಟುತ್ತದೆ. ಜಪಾನಿನ ಹಿರೊಫುಮಿ ತಾಕೆಯುಚಿ ಮತ್ತು ಸಂಗಡಿಗರು ಇಂಥ ಗುಳ್ಳೆಗಳಲ್ಲಿ ಇನ್ಸುಲಿನ್ ತುಂಬಿ ಇಲಿಗಳಿಗೆ ಬಾಯಿಯ ಮೂಲಕ ಕೊಟ್ಟ ಪ್ರಯೋಗವನ್ನು 1996ರಲ್ಲಿ ಪ್ರಕಟಿಸಿದರು. ಇಲಿಗಳ ರಕ್ತದಲ್ಲಿ ಸಕ್ಕರೆ ಇಳಿದು, ಹಲವು ಗಂಟೆ ಹಾಗೆಯೇ ಉಳಿಯಿತು. ಬರಿಯ ಇನ್ಸುಲಿನ್ ನುಂಗಿದರೆ ಅದು ಪ್ರೋಟೀನಾದುದರಿಂದ ಆಹಾರದಂತೆ ಜೀರ್ಣವಾಗಿಬಿಡುತ್ತದೆ ಎಂಬುದನ್ನು ನೆನೆದರೆ ಇದರ ಮಹತ್ತ್ವ ತಿಳಿದೀತು.

ಇಲಿಗೆ ಒದಗಿದುದು ಮನುಷ್ಯನಿಗೂ ಅಷ್ಟೇ ಸುಲಭವಾಗಿ ಒದಗುವುದೆಂದು ಭಾವಿಸಲಾಗದು. ಕೈಟೊಸಾನಿನ ಧನವಿದ್ಯುತ್ತು ಆಮ್ಲದಲ್ಲಿ ಪ್ರಬಲ. ಆಮ್ಲತೆ ಕಳೆದ ಕರುಳಿನಲ್ಲಿ ಬಹುಮಟ್ಟಿಗೆ ಕುಗ್ಗುತ್ತದೆ. ಇದಕ್ಕಿಂತ ದೊಡ್ಡ ತೊಡಕು ಲೋಳೆಯದೇ. ಅದು ನಿಂತ ನೀರಲ್ಲ. ಮೂಗಿನ ಸೂಕ್ಷ್ಮ ರೋಮಗಳು ಅದನ್ನು ನಿಮಿಷಕ್ಕೆ ಕೆಲವು ಮಿಲಿಮೀಟರಿನಂತೆ ಗಂಟಲಿನತ್ತ ತಳ್ಳುತ್ತಲೇ ಇರುತ್ತವೆ. ಮೇಲ್ಪದರಕ್ಕೆ ಬಿಗಿಯಾಗಿ ಅಂಟಿದ ಗುಳ್ಳೆ, ಹೊರಡುವ ಬಂಡಿಯನ್ನೇರಿದ ಪ್ರಯಾಣಿಕನಂತೆ, ಲೋಳೆಯೊಡನೆ ತಾನೂ ಹೋಗುತ್ತದೆ!

ಆದುದರಿಂದ ಕೆಲವರು ತದ್ವಿರುದ್ಧ ಮಾರ್ಗ ಹಿಡಿದಿದ್ದಾರೆ. ಪಾಲಿಎಥಿಲೀನ್ ಗ್ಲೈಕಾಲನ್ನು ಒತ್ತಾಗಿ ಹೊದಿಸಿದ ಕಣವು ಮ್ಯೂಸಿನ್ನಿಗೆ ಅಂಟದೆ, ಅದರ ಬಲೆಯ ಕಣ್ಣುಗಳಲ್ಲಿ ನುಸುಳಿ, ನಿಧಾನವಾಗಿ ಕದಲುವ ಒಳಪದರವನ್ನು ಸೇರುತ್ತದೆ. ಅಲ್ಲಿಂದ ಜೀವಕೋಶಗಳು ಸಮೀಪ. ಬಾಯಿಯ ಹುಣ್ಣಿಗೆ ಅಂಟುವ ಗುಳ್ಳೆಯೇ ಮೇಲಾಗಬಹುದು. ಮೂಗಿಗೋ ಕರುಳಿಗೋ ನುಸುಳುವುದು.