ಹಡಗಿನಲ್ಲಿ ಮೊದಲ ಪಂಕ್ತಿ

ಸಿಯಾಟಲ್ ಬಂದರಿನ 91ನೇ ಪಿಯರ್‌ನಲ್ಲಿ ಅಮ್ಮನ ಎಲೆಕ್ಟ್ರಿಕ್ ಕೆಟಲ್ ಸಿಕ್ಕಿಬಿತ್ತು. ಸ್ಕ್ಯಾನರ್ ಪಕ್ಕದಲ್ಲಿದ್ದ ಹೆಂಗಸು ನಗುತ್ತಲೇ ಅದನ್ನು ಎತ್ತಿ ಬದಿಗಿಟ್ಟು ಒಂದು ಚೀಟಿ ಹರಿದು ಕೊಟ್ಟಳು. ಏಳು ದಿನ ಕಳೆದು ಇಳಿಯುವಾಗ ಚೀಟಿ ತೋರಿಸಿದರೆ ಕೆಟಲ್ ವಾಪಸು. “ಬೆಳಿಗ್ಗೆ ಎದ್ದು ಒಂದು ಲೋಟ ಬಿಸಿನೀರು ಕುಡಿಯೋದೂ ಇವರಿಗೆ ಅಪರಾಧವಾ?” ಅಂತ ಅಮ್ಮ. ಅಪರಾಧವೇ. ಸುತ್ತ ನೀರಿದ್ದರೂ ಹಡಗಿನವರಿಗೆ ಬೆಂಕಿಯ ಭಯ ಜಾಸ್ತಿ. ಕೆಟಲ್, ಇಸ್ತ್ರಿಪೆಟ್ಟಿಗೆ, ರೈಸ್ ಕುಕ್ಕರ್, ಇಂಡಕ್ಷನ್ ಒಲೆ ಯಾವುದೂ ಕ್ಯಾಬಿನ್ನಿಗೆ ಹೋಗುವ ಹಾಗಿಲ್ಲ. ಈ ಕೆಟಲ್‌ಗೆ ಜಾಗ ಮಾಡಲೆಂದು ಅಮ್ಮ ಹಿಂದಿನ ರಾತ್ರಿ ಕೈಚೀಲದಿಂದ ತೆಗೆದು ಸೂಟ್‌ಕೇಸಿಗೆ ಹಾಕಿದ್ದು ಬಿಪಿ ಮಾತ್ರೆಯ ಡಬ್ಬಿ. ಆ ಸೂಟ್‌ಕೇಸನ್ನು ಹತ್ತು ನಿಮಿಷದ ಹಿಂದಷ್ಟೇ ಹೊರಗೆ ಪೋರ್ಟರ್ ಕೈಗೆ ಕೊಟ್ಟು ಬಂದಿದ್ದೆವು.

ಮಕ್ಕಳು ಅಮೆರಿಕದಲ್ಲಿರುವ ಅಪ್ಪ ಅಮ್ಮಂದಿರ ತಿರುಗಾಟದ ಪಟ್ಟಿಗೆ ನಯಾಗರ, ಗ್ರ್ಯಾಂಡ್ ಕ್ಯಾನಿಯನ್ ಜತೆಗೆ ಈಚೆಗೆ ಅಲಾಸ್ಕ ಕ್ರೂಸ್ ಕೂಡ ಸೇರಿಕೊಂಡಿದೆ. ಬೇಸಿಗೆ ಉದ್ದಕ್ಕೂ ಸಿಯಾಟಲ್‌ನ 66 ಮತ್ತು 91ನೇ ಪಿಯರ್‌ಗಳಿಂದ ಹಡಗುಗಳು ಹೊರಡುತ್ತವೆ. ಜೂನೋ, ಸ್ಕಾಗ್‌ವೇ, ಕೆಚಿಕನ್ ಎಂಬ ಪುಟ್ಟ ಊರುಗಳನ್ನೂ ನಡುವೆ ಒಂದು ಹಿಮನದಿಯನ್ನೂ ತೋರಿಸಿಕೊಂಡು ವಾರಕ್ಕೆ ಸರಿಯಾಗಿ ವಾಪಸು ತಂದುಬಿಡುತ್ತವೆ. ಹಿಮನದಿಯ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳಹೊರಟಿರುವುದು ಹತ್ತಿದ ದಿನದ ಕಥೆ. ಮಧ್ಯಾಹ್ನ ಹನ್ನೆರಡಕ್ಕೆ ಪಿಯರ್‌ನಲ್ಲಿ ಸಾಲು ಹಿಡಿದಲ್ಲಿಂದ ರಾತ್ರಿ ಊಟ ಮುಗಿಸಿ ಕೈ ಒರೆಸಿಕೊಳ್ಳುವವರೆಗೆ ನಡೆಯುವುದನ್ನು ಮೊದಲೇ ತಿಳಿದುಕೊಂಡರೆ ಉಳಿದ ಆರು ದಿನ ಸಲೀಸು.

ಕಾಗದಪತ್ರದ ಮಾತು ಒಂದಿದೆ, ಅದನ್ನು ಮುಗಿಸಿಬಿಡೋಣ. ಇಲ್ಲಿಂದ ಹೊರಡುವ ಹೆಚ್ಚಿನ ಹಡಗುಗಳ ಧ್ವಜ ಬಹಾಮಾಸ್, ಪನಾಮದಂಥ ದೇಶಗಳದ್ದು. ವಿದೇಶಿ ಧ್ವಜದ ಹಡಗು ಅಮೆರಿಕದಲ್ಲಿ ಹತ್ತಿಸಿಕೊಂಡವರನ್ನು ಅಮೆರಿಕದ ಬಂದರುಗಳಲ್ಲೇ ಸುತ್ತಿಸಿ ಇಳಿಸುವಂತಿಲ್ಲ, ನಡುವೆ ಪರದೇಶದ ಒಂದು ಬಂದರು ಮುಟ್ಟಲೇಬೇಕು ಎನ್ನುವುದು 1886ರ ಕಾನೂನು. ಅದಕ್ಕೇ ಈ ಹಡಗುಗಳು ಸಾಮಾನ್ಯವಾಗಿ ಕೆನಡಾದ ವಿಕ್ಟೋರಿಯಾದಲ್ಲಿ ಒಂದು ಸಂಜೆ ನಿಲ್ಲುತ್ತವೆ. ಭಾರತದ ಪಾಸ್‌ಪೋರ್ಟಿನವರಿಗೆ ಕೆನಡಾ ವೀಸಾ ಬೇಕು, ಹಡಗಿನಿಂದ ಇಳಿಯದೆ ಮಲಗಿಯೇ ಇರುತ್ತೇನೆ ಎಂದರೂ ಬೇಕು. ಅಮೆರಿಕದ ಹತ್ತು ವರ್ಷದ ವೀಸಾ ಇದೆಯಲ್ಲ ಎಂಬ ಧೈರ್ಯದಲ್ಲಿ ಬಂದವರಿಗೆ ಪಿಯರ್‌ನಿಂದಲೇ ಮನೆ ದಾರಿ.

ಬಾಗಿಲಲ್ಲಿ ಫೋಟೊ ಹಿಡಿದು ಒಂದು ಪ್ಲಾಸ್ಟಿಕ್ ಕಾರ್ಡ್ ಕೊಡುತ್ತಾರೆ. ಕ್ಯಾಬಿನ್ನಿನ ಬೀಗದ ಕೈ ಅದೇ, ಗುರುತಿನ ಚೀಟಿ ಅದೇ, ಜೇಬೂ ಅದೇ. ನಮ್ಮ ಕಾರ್ಡಿನ ಮೂಲೆಯಲ್ಲಿ ‘ಬಿ4’ ಎಂದಿತ್ತು. ಅಪ್ಪ ಅದನ್ನು ಊಟದ ಮೇಜಿನ ನಂಬರ್ ಅಂದುಕೊಂಡರು. ಅದು ಹಡಗಿಗೆ ಆಪತ್ತು ಬಂದಾಗ ನಾವು ಓಡಿಹೋಗಿ ನಿಲ್ಲಬೇಕಾದ ಜಾಗ, ಮಸ್ಟರ್ ಸ್ಟೇಷನ್. ಕ್ಯಾಬಿನ್ನಿಗೆ ಹೋಗುವ ಮೊದಲೇ ಅಲ್ಲಿಗೆ ಹೋಗಿ ಕಾರ್ಡ್ ತೋರಿಸಿ ಬನ್ನಿ ಎಂದರು. ಏಳು ಚಿಕ್ಕ ಕೂಗು, ಒಂದು ಉದ್ದ ಕೂಗು ಕೇಳಿದರೆ ಅಪಾಯದ ಸೂಚನೆ. ಲೈಫ್ ಜಾಕೆಟ್ ಕಟ್ಟುವುದು ಹೀಗೆ. ಐದು ನಿಮಿಷದಲ್ಲಿ ಮುಗಿಯಿತು. ಕೊರೋನಾ ಬರುವ ಮುಂಚೆ ಇದಕ್ಕಾಗಿ ಎಲ್ಲರನ್ನೂ ಒಟ್ಟಿಗೆ ಡೆಕ್ಕಿನ ಮೇಲೆ ಸಾಲಾಗಿ ನಿಲ್ಲಿಸುತ್ತಿದ್ದರು. ಈಗ ಅನೇಕ ಕಂಪನಿಗಳಲ್ಲಿ ವಿಡಿಯೊ ನೋಡಿ, ನಮ್ಮ ನಮ್ಮ ಪುರುಸೊತ್ತಿನಲ್ಲಿ ಜಾಗಕ್ಕೆ ಹೋಗಿ ತಲೆ ಎಣಿಸಿಕೊಂಡು ಬಂದರಾಯಿತು.

ಇದನ್ನು ಶಾಸ್ತ್ರ ಅಂದುಕೊಳ್ಳಬೇಡಿ. ಟೈಟಾನಿಕ್ ಮುಳುಗಿದ ಎರಡು ವರ್ಷಕ್ಕೆ, 1914ರಲ್ಲಿ, ಕಡಲಿನಲ್ಲಿ ಜೀವರಕ್ಷಣೆಯ ಮೊದಲ ಅಂತರರಾಷ್ಟ್ರೀಯ ಒಪ್ಪಂದವಾಯಿತು. ಆದರೆ ಮೊನ್ನೆ ಮೊನ್ನೆಯವರೆಗೂ ಹತ್ತಿದ 24 ಗಂಟೆಯೊಳಗೆ ಯಾವಾಗಲಾದರೂ ಈ ತಾಲೀಮು ಮಾಡಿಸಿದರೆ ಸಾಕಿತ್ತು. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲ್ಯೊ ದ್ವೀಪದ ಬಂಡೆಗೆ ಕೋಸ್ಟಾ ಕಾಂಕಾರ್ಡಿಯಾ ಹಡಗು ತಾಗಿದಾಗ ಜನ ಊಟದ ಮೇಜಿನಲ್ಲಿದ್ದರು. ಅಂದು ಸಂಜೆ ರೋಮ್ ಹತ್ತಿರದ ಬಂದರಿನಲ್ಲಿ ಹತ್ತಿದವರಿಗೆ ಅದು ಮೊದಲ ದಿನದ ಊಟ. ತಾಲೀಮು ಅವರಿಗಿನ್ನೂ ಆಗಿರಲಿಲ್ಲ. 32 ಜನ ಸತ್ತರು. 2015ರ ಜನವರಿಯಿಂದ ನಿಯಮ ಬದಲಾಗಿ, ಹಡಗು ಹೊರಡುವ ಮುಂಚೆ ಅಥವಾ ಹೊರಟ ಕೂಡಲೇ ತಾಲೀಮು ಆಗಲೇಬೇಕು. ಮೊದಲು ಬಿ4, ಆಮೇಲೆ ಊಟ.

ಕ್ಯಾಬಿನ್ ನೋಡಿ ಅಪ್ಪ, “ರೈಲಿನ ಫಸ್ಟ್ ಕ್ಲಾಸ್ ಕೂಪೆಗೆ ಬಚ್ಚಲುಮನೆ ಅಂಟಿಸಿದ ಹಾಗಿದೆ” ಎಂದರು. ಅಷ್ಟೇ ಇರುವುದು. ಖಾಲಿ ಸೂಟ್‌ಕೇಸ್ ಮಂಚದ ಕೆಳಗೆ ತಳ್ಳಬೇಕು. ಗೋಡೆಗಳು ಉಕ್ಕಿನವಾದ್ದರಿಂದ ಆಯಸ್ಕಾಂತದ ಕೊಕ್ಕೆ ಅಂಟುತ್ತದೆ. ನಾಲ್ಕು ಕೊಕ್ಕೆ ಒಯ್ದರೆ ಸ್ವೆಟರ್, ಟೋಪಿ, ಒದ್ದೆ ಟವೆಲ್ ಎಲ್ಲಕ್ಕೂ ಜಾಗವಾಗುತ್ತದೆ. ಶೌಚಾಲಯದ ಗುಂಡಿ ಒತ್ತಿದರೆ ವಿಮಾನದಲ್ಲಿ ಆಗುವಂಥದೇ ಸದ್ದು. ಮೊದಲ ಸಲ ಅಮ್ಮ ಬಾಗಿಲು ತೆಗೆದು ಹೊರಗೇ ಬಂದುಬಿಟ್ಟಳು.

ಹೊಟ್ಟೆ ಹಸಿದ ಜನಸಾಗರವೆಲ್ಲ ಹತ್ತಿದ ಕೂಡಲೇ ನುಗ್ಗುವುದು ಮೇಲಿನ ಮಹಡಿಯ ಬಫೆಗೆ. ಬಾಗಿಲಲ್ಲೇ ಸಾಲಾಗಿ ನಲ್ಲಿಗಳು. ಅಲ್ಲಿ ನಿಂತ ಹುಡುಗಿ ‘ವಾಶಿ ವಾಶಿ’ ಎಂದು ರಾಗ ಎಳೆಯುತ್ತ ಎಲ್ಲರ ಕೈ ತೊಳೆಸುತ್ತಾಳೆ. ತಮಾಷೆಯಂತೆ ಕಂಡರೂ ಅವಳ ಕೆಲಸ ಸಣ್ಣದಲ್ಲ. ಹಡಗಿನವರು ಹೆದರುವ ವಾಂತಿಭೇದಿ ನೋರೋವೈರಸ್‌ನದು, ಸ್ಯಾನಿಟೈಸರ್‌ಗೆ ಅದು ಸರಿಯಾಗಿ ಬಗ್ಗುವುದಿಲ್ಲ, ಸೋಪು ನೀರೇ ಆಗಬೇಕು. ಕೆಲವು ಹಡಗುಗಳಲ್ಲಿ ಮೊದಲ ಎರಡು ದಿನ ಬಫೆಯ ಸೌಟನ್ನೂ ಪ್ರಯಾಣಿಕರ ಕೈಗೆ ಕೊಡದೆ ಸಿಬ್ಬಂದಿಯೇ ಬಡಿಸುತ್ತಾರೆ. ಅಮೆರಿಕದ ಬಂದರಿಗೆ ಬರುವ ಹಡಗುಗಳ ಅಡುಗೆಮನೆಗೆ ಸರ್ಕಾರದ ಆರೋಗ್ಯ ಇಲಾಖೆಯವರು ಹೇಳದೆ ಕೇಳದೆ ನುಗ್ಗಿ ನೂರಕ್ಕೆ ಅಂಕ ಕೊಡುತ್ತಾರೆ. 85 ಬಂದರೂ ನಪಾಸು. ಯಾವ ಹಡಗಿಗೆ ಎಷ್ಟು ಅಂಕ ಬಂತೆಂದು ಯಾರು ಬೇಕಾದರೂ ನೋಡಬಹುದು.

ಬಫೆಯಲ್ಲಿ ಕಿಟಕಿ ಪಕ್ಕ ಕೂತರೆ ಕೆಳಗೆ ಪಿಯರ್ ಕಾಣುತ್ತದೆ. ಫೋರ್ಕ್‌ಲಿಫ್ಟುಗಳು ಒಂದರ ಹಿಂದೊಂದು ಮೊಟ್ಟೆ, ಆಲೂಗಡ್ಡೆ, ಹಾಲು, ಹೂವಿನ ಪೆಟ್ಟಿಗೆಗಳನ್ನು ಹಡಗಿನ ಹೊಟ್ಟೆಗೆ ತುರುಕುತ್ತಿರುತ್ತವೆ. ಬೆಳಿಗ್ಗೆ ಏಳಕ್ಕೆ ಇದೇ ಹಡಗಿನಲ್ಲಿ ಬೇರೆ ಮೂರು ನಾಲ್ಕು ಸಾವಿರ ಜನ ತಿಂಡಿ ತಿನ್ನುತ್ತಿದ್ದರು. ಅವರನ್ನು ಇಳಿಸಿ, ಹಾಸಿಗೆ ಬಟ್ಟೆ ಬದಲಿಸಿ, ದಿನಸಿ ತುಂಬಿ, ನಮ್ಮನ್ನು ಹತ್ತಿಸಿಕೊಂಡು ಸಂಜೆ ನಾಲ್ಕಕ್ಕೆ ಹಡಗು ಬಿಡಬೇಕು. ಒಂದು ಮದುವೆ ಮುಗಿದ ಛತ್ರವನ್ನು ಗುಡಿಸಿ, ಅದೇ ಮಧ್ಯಾಹ್ನ ಇನ್ನೊಂದು ದಿಬ್ಬಣ ಇಳಿಸಿಕೊಂಡ ಹಾಗೆ.

ಛತ್ರದ ಹೋಲಿಕೆ ಸುಮ್ಮನೆ ತಂದದ್ದಲ್ಲ. ಹಡಗಿನಲ್ಲಿ ಎರಡು ಬಗೆಯ ಊಟ ಇರುತ್ತದೆ. ಮೇಲೆ ಬಫೆ, ತಟ್ಟೆ ಹಿಡಿದು ಅಲೆಯುವ ಊಟ. ಕೆಳಗೆ ದೊಡ್ಡ ಊಟದ ಹಾಲ್. ಅಲ್ಲಿ ಸಂಜೆ ಐದೂವರೆ ಆರರ ಸುಮಾರಿಗೆ ಒಂದು ಸರದಿ, ಎಂಟರ ಸುಮಾರಿಗೆ ಇನ್ನೊಂದು. ವಾರವಿಡೀ ಅದೇ ಹೊತ್ತು, ಅದೇ ಮೇಜು, ಬಡಿಸುವವರೂ ಅವರೇ. ಇಂಗ್ಲಿಷಿನವರು ಇದಕ್ಕೆ ಸೀಟಿಂಗ್ ಎನ್ನುತ್ತಾರೆ. ನಮಗೆ ಗೊತ್ತಿರುವ ಹೆಸರು ಪಂಕ್ತಿ. ಮೊದಲನೇ ಪಂಕ್ತಿ, ಎರಡನೇ ಪಂಕ್ತಿ.

ಈ ಪಂಕ್ತಿ ಅಟ್ಲಾಂಟಿಕ್ ದಾಟುತ್ತಿದ್ದ ಹಡಗುಗಳಿಂದ ಬಂದದ್ದು. 1840ರಲ್ಲಿ ಲಿವರ್‌ಪೂಲ್‌ನಿಂದ ಬಾಸ್ಟನ್ ಕಡೆಗೆ ಹೊರಟ ಕ್ಯುನಾರ್ಡ್ ಕಂಪನಿಯ ಬ್ರಿಟಾನಿಯ ಹಡಗಿನಲ್ಲಿ ತಾಜಾ ಹಾಲಿಗಾಗಿ ಒಂದು ಹಸುವನ್ನೇ ಕಟ್ಟಿದ್ದರು. ಎರಡು ವರ್ಷದ ನಂತರ ಅದೇ ಹಡಗಿನಲ್ಲಿ ಹೋದ ಚಾರ್ಲ್ಸ್ ಡಿಕನ್ಸ್ ಕ್ಯಾಬಿನ್ನಿನ ಇಕ್ಕಟ್ಟನ್ನೂ ಊಟದ ಹಾಲನ್ನೂ ಮನಸ್ವಿ ಗೇಲಿ ಮಾಡಿದ್ದಾನೆ. ಆಗೆಲ್ಲ ಉದ್ದನೆಯ ಮೇಜು, ನೆಲಕ್ಕೆ ಬಿಗಿದ ಕುರ್ಚಿ, ಅಲೆ ಎದ್ದಾಗ ತಟ್ಟೆ ಜಾರದಂತೆ ಮೇಜಿನ ಅಂಚಿಗೆ ಪಟ್ಟಿ. ಗಂಟೆ ಬಾರಿಸಿದಾಗ ಎಲ್ಲರೂ ಬಂದು ಕೂರಬೇಕು, ಮಾಡಿದ್ದನ್ನು ತಿನ್ನಬೇಕು. ಹಡಗಿನಲ್ಲಿ ಹೋಗುವುದು ಊರು ಸೇರಲಿಕ್ಕೇ ಹೊರತು ವಿಹಾರಕ್ಕಲ್ಲ ಎಂದಿದ್ದ ಕಾಲ. ಆಲ್ಬರ್ಟ್ ಬಾಲಿನ್ ಎಂಬ ಜರ್ಮನ್ ಹಡಗುದಾರ ಚಳಿಗಾಲದಲ್ಲಿ ಗಿರಾಕಿಯಿಲ್ಲದೆ ನಿಲ್ಲುತ್ತಿದ್ದ ತನ್ನ ಆಗಸ್ಟಾ ವಿಕ್ಟೋರಿಯ ಹಡಗನ್ನು 1891ರ ಜನವರಿಯಲ್ಲಿ ಸುಮ್ಮನೆ ಮೆಡಿಟರೇನಿಯನ್ ಸುತ್ತಿಸಿ ತಂದ. ಕ್ರೂಸ್ ಉದ್ಯಮದ ಆರಂಭವನ್ನು ಬಹಳ ಮಂದಿ ಅಲ್ಲಿಂದ ಎಣಿಸುತ್ತಾರೆ. 1905ರಲ್ಲಿ ಅವನದೇ ಕಂಪನಿಯ ಅಮೆರಿಕ ಎಂಬ ಹಡಗಿನಲ್ಲಿ ರಿಟ್ಸ್ ಹೆಸರಿನ ಹೋಟೆಲ್ ಬಂತು. ಬೇಕಾದ ಹೊತ್ತಿಗೆ ಬೇಕಾದ್ದನ್ನು ತರಿಸಿಕೊಂಡು ತಿನ್ನುವ ಸೌಕರ್ಯ ಹಣವಿದ್ದವರಿಗೆ ಸಿಕ್ಕಿತು. ಪಂಕ್ತಿಯನ್ನೇ ಎತ್ತಿಹಾಕುವ ಧೈರ್ಯ ನಾರ್ವೀಜಿಯನ್ ಕ್ರೂಸ್ ಲೈನ್‌ಗೆ ಬಂದದ್ದು 2000ದಲ್ಲಿ. ಈಗ ಮಿಕ್ಕ ಕಂಪನಿಗಳೂ ಯಾವಾಗ ಬೇಕಾದರೂ ಬನ್ನಿ ಎಂಬ ಆಯ್ಕೆ ಕೊಡುತ್ತವೆ. ಜನಕ್ಕೆ ಅದೇ ಇಷ್ಟ. ನನಗೆ ಮಾತ್ರ ಅದು ಹೋಟೆಲಿನ ಊಟದಂತೆ ಕಾಣುತ್ತದೆ. ದಿನಾ ಹೊಸ ಮುಖ, ಅಮ್ಮನಿಗೆ ಖಾರ ಕಮ್ಮಿ ಎಂದು ದಿನಾ ಹೊಸದಾಗಿ ಹೇಳಬೇಕು.

ನಾವು ಮೊದಲ ಪಂಕ್ತಿ ಹಿಡಿದಿದ್ದೆವು. ಜೂನ್ ತಿಂಗಳಾದ್ದರಿಂದ ಆರು ಗಂಟೆಗೆ ಕಿಟಕಿಯಾಚೆ ಉರಿಬಿಸಿಲು. ಸಿಯಾಟಲ್‌ನಲ್ಲಿ ಆಗ ಸೂರ್ಯ ಮುಳುಗುವುದು ಒಂಬತ್ತರ ಮೇಲೆ. ಹಡಗು ಪ್ಯೂಜೆಟ್ ಸೌಂಡ್ ಎಂಬ ಒಳಗಡಲಿನಲ್ಲಿ ತೇಲುತ್ತಿತ್ತು. ನೀರು ಕೆರೆಯಂತೆ ಶಾಂತ, ಲೋಟದ ನೀರೂ ಅಲುಗುತ್ತಿರಲಿಲ್ಲ. ತೆರೆದ ಸಮುದ್ರ ಸಿಗುವುದು ರಾತ್ರಿ ಜಲಸಂಧಿ ದಾಟಿದ ಮೇಲೆ. ಹಾಗಾಗಿ ಈ ದಾರಿಯಲ್ಲಿ ಹೊಟ್ಟೆ ತೊಳಸದೆ ಉಣ್ಣುವ ಗ್ಯಾರಂಟಿ ಇರುವುದು ಮೊದಲ ಊಟಕ್ಕೇ. ಉಡುಪಿನ ಚಿಂತೆಯೂ ಇಲ್ಲ. ಸೂಟ್‌ಕೇಸ್ ಇನ್ನೂ ಬಂದಿರುವುದಿಲ್ಲವಾದ್ದರಿಂದ ಮೊದಲ ರಾತ್ರಿ ಕೋಟು ಟೈ ಕೇಳಬಾರದೆಂಬುದು ಹಡಗಿನ ಹಳೆಯ ಪದ್ಧತಿ.

ನಮ್ಮ ಮೇಜಿನ ವೇಟರ್ ಇಂಡೋನೇಷ್ಯಾದವನು. ಅವನ ಜೊತೆ ನೀರು, ಬ್ರೆಡ್ ತರುವ ಸಹಾಯಕ ನಮ್ಮ ಮಾತು ಕಿವಿಗೆ ಬಿದ್ದದ್ದೇ ನಿಂತ. “ಕನ್ನಡದವರಾ ನೀವು? ನಂದು ಮಂಗಳೂರು ಹತ್ರ.” ಗೋವಾದಿಂದ ಮಂಗಳೂರಿನವರೆಗಿನ ಕರಾವಳಿಯ ಹುಡುಗರು ಹಡಗಿನ ಅಡುಗೆಮನೆ, ಊಟದ ಹಾಲು ಸೇರುವುದು ಹೊಸ ಸಂಗತಿಯೇನಲ್ಲ. ಇವನದು ಒಂಬತ್ತು ತಿಂಗಳ ಕರಾರು, ಏಳು ಮುಗಿದಿತ್ತು.

ಮೆನು ಕಾರ್ಡಿನಲ್ಲಿ ಸಸ್ಯಾಹಾರಿಗಳಿಗೆಂದು ಒಂದು ಭಾರತೀಯ ಬಗೆ ಇತ್ತು, ಅನ್ನ, ದಾಲ್, ಆಲೂ ಗೋಬಿ. ಅಮ್ಮ ಕೇಳಿದಳು, “ಹುಳಿ ಮಾಡಲ್ವೇನಪ್ಪಾ?”

“ಹುಳಿ ಗೊತ್ತಿಲ್ಲ ಅಮ್ಮ. ಬೇಳೆ ತೆಳ್ಳಗೆ ಮಾಡ್ಲಿಕ್ಕೆ ಹೇಳ್ತೇನೆ. ಮೊಸರು ಎಷ್ಟು ಬೇಕಾದ್ರೂ ಉಂಟು. ನಾಳೆಗೆ ಎಂತ ಬೇಕು ಅಂತ ಈಗ್ಲೇ ಹೇಳಿ, ಬರೆಸ್ತೇನೆ. ನಾಳೆ ಹೇಳಿದ್ರೆ ನಾಡಿದ್ದಿಗೆ ಆಗೋದು.”

ಹಡಗಿನ ಊಟದ ಗುಟ್ಟು ಈ ಕೊನೆಯ ಮಾತಿನಲ್ಲಿದೆ. ಸಾವಿರಾರು ತಟ್ಟೆ ಒಟ್ಟಿಗೆ ಹೊರಡುವ ಅಡುಗೆಮನೆಯಲ್ಲಿ ಯಾವುದು ಎಷ್ಟು ಹೋದೀತು ಎಂದು ಹಿಂದಿನ ಲೆಕ್ಕ ನೋಡಿ ಮೊದಲೇ ಅಳತೆ ಹಾಕಿರುತ್ತಾರೆ. ಆ ಲೆಕ್ಕದಲ್ಲಿ ಇಲ್ಲದ್ದನ್ನು ಕೂತ ಮೇಲೆ ಕೇಳಿದರೆ ಸಿಗುವುದು ಕಷ್ಟ, ಹಿಂದಿನ ರಾತ್ರಿ ಹೇಳಿದರೆ ಬರುತ್ತದೆ. ಈರುಳ್ಳಿ ಬೆಳ್ಳುಳ್ಳಿ ಬಿಟ್ಟವರು ಟಿಕೆಟ್ ಮಾಡಿಸುವಾಗಲೇ ತಿಳಿಸಬೇಕು. ಇನ್ನೊಂದು ಮಾತು, ಅಲ್ಲಿ ಗ್ಯಾಸ್ ಒಲೆಯಿಲ್ಲ, ಬರಿಗಣ್ಣಿಗೆ ಕಾಣುವ ಉರಿಯೇ ಇಲ್ಲ, ಎಲ್ಲ ವಿದ್ಯುತ್ತಿನ ಕಾವು. ಕೆಟಲ್ ಕಿತ್ತುಕೊಂಡ ಭಯವೇ ಅಡುಗೆಮನೆಯನ್ನೂ ಆಳುತ್ತದೆ. ಉರಿಯ ಮೇಲೆ ಉಬ್ಬಿದ ಫುಲ್ಕ ಬೇಕೆಂದು ಹಟ ಹಿಡಿಯಬೇಡಿ.

ಅಂದಿನ ದಾಲ್ ಉಪ್ಪು ಖಾರ ಎರಡರಲ್ಲೂ ಸಪ್ಪೆ. ಅನ್ನ ಮಾತ್ರ ಹದವಾಗಿತ್ತು. ಅಮ್ಮ ಕೈಚೀಲದಿಂದ ಚಟ್ನಿಪುಡಿ ತೆಗೆದಳು. ಅಂಗಡಿಯಲ್ಲಿ ಕೊಂಡ ಸೀಲ್ ಮುರಿಯದ ಪೊಟ್ಟಣವಾದ್ದರಿಂದ ಸ್ಕ್ಯಾನರ್‌ನವರು ಅದನ್ನು ಮುಟ್ಟಿರಲಿಲ್ಲ. ಮಂಗಳೂರಿನ ಹುಡುಗನಿಗೂ ಒಂದು ಚಮಚ ಕೊಡಹೋದಳು. “ಡ್ಯೂಟಿಯಲ್ಲಿ ತಿನ್ಲಿಕ್ಕಿಲ್ಲ ಅಮ್ಮ” ಎಂದು ಅವನು ನಕ್ಕು, ಬಫೆಯ ಮಹಡಿಯಲ್ಲಿ ಬಿಸಿನೀರಿನ ನಲ್ಲಿ ರಾತ್ರಿ ಹಗಲು ತೆರೆದೇ ಇರುತ್ತದೆ ಎಂದು ತಿಳಿಸಿದ. ಮರುದಿನ ತೆಳ್ಳಗಿನ ಬೇಳೆ ಬಂತು, ಹಸಿಮೆಣಸಿನಕಾಯಿ ಸೀಳಿ ಹಾಕಿದ್ದರು.

ಊಟ ಮುಗಿಸಿ ಬಂದರೆ ನಮ್ಮ ಓಣಿಯ ಉದ್ದಕ್ಕೂ ಬಾಗಿಲು ಬಾಗಿಲಿಗೆ ಸೂಟ್‌ಕೇಸುಗಳು. ನಮ್ಮ ಬಾಗಿಲಲ್ಲಿ ಎರಡಿದ್ದವು, ಅಮ್ಮನದು ಇರಲಿಲ್ಲ. ಅದು ಬಂದದ್ದು ಒಂಬತ್ತೂ ಕಾಲಿಗೆ. ಎಂಟಕ್ಕೆ ನುಂಗಬೇಕಾದ ಮಾತ್ರೆ ಒಂಬತ್ತೂವರೆಗೆ ಆಯಿತು, ಪುಣ್ಯಕ್ಕೆ ಅಷ್ಟರಲ್ಲೇ ಮುಗಿಯಿತು.

ಹೋಗುವವರಿಗೆ ಹೇಳುವುದಿಷ್ಟೆ. ಪಾಸ್‌ಪೋರ್ಟ್, ಮಾತ್ರೆ, ಒಂದು ಸ್ವೆಟರ್, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ಮಧ್ಯಾಹ್ನ ಬಫೆಯಲ್ಲಿ ಅರ್ಧ ಹೊಟ್ಟೆ ತಿನ್ನಿ. ಪಂಕ್ತಿ ಸಿಕ್ಕಿಲ್ಲವೆಂದೋ ಮೇಜು ದೂರವೆಂದೋ ಬೇಜಾರು ಬೇಡ. ಹತ್ತಿದ ದಿನ ಮಧ್ಯಾಹ್ನ ಊಟದ ಹಾಲಿನ ಉಸ್ತುವಾರಿಯವರು ಬದಲಾವಣೆಗೆಂದೇ ಕೂತಿರುತ್ತಾರೆ, ಬೇಗ ಹೋಗಿ ಕೇಳಿದರೆ ಹೆಚ್ಚಾಗಿ ಸಿಗುತ್ತದೆ.