ಮಾತಿನ ಹಿಂದೆ ನಡೆದ ಸ್ವರ

ಸೋವಿಯತ್ ಆಳ್ವಿಕೆಯ ಎಸ್ಟೋನಿಯದಲ್ಲಿ ಸಂಗೀತರಚನಕಾರ ಆರ್ವೊ ಪ್ಯಾರ್ಟರು 1968ರಲ್ಲಿ 'ಕ್ರೇಡೊ' ಕೃತಿಯ ಮೂಲಕ ತಮ್ಮ ಕ್ರಿಸ್ತಭಕ್ತಿಯನ್ನು ಬಹಿರಂಗವಾಗಿ ಸಾರಿದರು. ಅಧಿಕಾರಿಗಳು ಮುನಿದರು. ಅನಂತರ ಎಂಟು ವರ್ಷ ಅವರ ಲೇಖನಿ ಬಹುಮಟ್ಟಿಗೆ ಮೌನವಾಗಿತ್ತು. 1980ರಲ್ಲಿ ಅವರು ಸಂಸಾರಸಮೇತ ತಾಯ್ನಾಡನ್ನು ತೊರೆದರು.

ನೊಂದ ಈ ಜೀವ ಮುಂದೆ ಕೈಗೆತ್ತಿಕೊಂಡದ್ದು ಅನ್ಯರನ್ನು ದೂರುವ ಹಾಡನ್ನಲ್ಲ. ತನ್ನ ತಪ್ಪನ್ನೇ ನೆನೆದು ಮರುಗುವ, ಆರ್ಥೊಡಾಕ್ಸ್ ಪಂಥದ ಪುರಾತನ ಪಶ್ಚಾತ್ತಾಪ ಸ್ತೋತ್ರವನ್ನು. ಕ್ರೀಟಿನ ಸಂತ ಆಂಡ್ರೂ ಅದರ ಕರ್ತೃವೆಂದು ಪ್ರತೀತಿ. ಚರ್ಚ್ ಸ್ಲಾವೊನಿಕ್ ಭಾಷೆಯ ಪಾಠವನ್ನು ಹಾಗೆಯೇ ಉಳಿಸಿಕೊಂಡು, ಪದಗಳ ಒತ್ತು, ವಿರಾಮಗಳು ನಡೆಸಿದಂತೆ ಸ್ವರ ಹೆಣೆದರು. ವಾದ್ಯಗಳ ಮೇಳವಿಲ್ಲ, ಬರಿಯ ಕಂಠಗಳು. ಎರಡು ವರ್ಷಕ್ಕೂ ಮಿಕ್ಕ ಪರಿಶ್ರಮವದು.

1998ರಲ್ಲಿ, ಜರ್ಮನಿಯ ಕೊಲೋನ್ ಮಹಾ ಇಗರ್ಜಿಯ ಶಂಕುಸ್ಥಾಪನೆಯ 750ನೆಯ ವರ್ಷದಲ್ಲಿ, 'ಕಾನೊನ್ ಪೊಕಯಾನೆನ್' ಅಲ್ಲಿಯೇ ಮೊದಲು ಮೊಳಗಿತು. ಹಾಡಿದವರು ಎಸ್ಟೋನಿಯದ ಗಾಯಕವೃಂದದವರು. ಯಾವ ನಂಬುಗೆಗಾಗಿ ತವರು ಮುನಿದಿತ್ತೋ, ಅದಕ್ಕೆ ತವರಿನ ಕಂಠವೇ ದನಿಯಾಯಿತು.